ಜಲದೀಪ ಸೋಲುತ್ತಿದ್ದ ವರ್ಷ

ಹೋದ ತಿಂಗಳು ಕಣ್ಣು ತೋರಿಸಲು ಕಾರವಾರಕ್ಕೆ ಹೋಗಿದ್ದೆ. ಔಷಧ ಬಿಟ್ಟು ಎರಡು ತಾಸು ಕೂರಿಸಿದ್ದರಿಂದ ಹೊರಗೆ ಬಂದಾಗ ಊರೆಲ್ಲ ಮಬ್ಬುಮಬ್ಬಾಗಿ ಕಾಣುತ್ತಿತ್ತು. ಕಣ್ಣು ಕೆಲಸ ಮಾಡದ ಹೊತ್ತಿಗೆ ಮೂಗು ಚುರುಕಾಗುತ್ತದೆಯೋ ಏನೋ, ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಒಂದು ಖಾನಾವಳಿಯ ಬಾಗಿಲು ದಾಟುವಾಗ ಬಂಗಡೆ ಮೀನಿನ ಸಾರಿಗೆ ಹಾಕಿದ ತೆಪ್ಪಳದ ಕಾಯಿಯ ಘಾಟು ವಾಸನೆ ಬಂದು ಮುಖಕ್ಕೇ ಹೊಡೆಯಿತು. ಕಾಲು ಅಲ್ಲೇ ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು "ಬನ್ನಿ ಅಜ್ಜಾ, ಊಟ ತಯಾರದೆ" ಎಂದು ಕರೆದ. ನಾನು ಒಳಗೆ ಹೋಗಲಿಲ್ಲ. ಒಂದು ಕಾಲದಲ್ಲಿ ಅಂಥದೇ ಬಂಗಡೆಯನ್ನು ನಾಲ್ಕು ಸಲ ಪುಕ್ಕಟೆಯಾಗಿ ತಿಂದಿದ್ದೇನೆ. ನಾಲ್ಕೂ ಸಲ ಅದನ್ನು ತಿನ್ನುವ ಯೋಗ್ಯತೆ ನನಗಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ, ಈ ವಿಷಯವನ್ನು ಬರೆದಿಡಬೇಕು ಅನ್ನಿಸಿತು. ಮೆಟ್ರಿಕ್‌ವರೆಗೆ ಓದಿದವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಅವರ್ಸಾದವನು. ಹೆಸರು ಬೊಮ್ಮಯ್ಯ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವನು. ಹೇಳಹೊರಟಿರುವುದು ಸುನಾಮಿ ಬಂತಲ್ಲ, ಅದರ ಹಿಂದಿನ ವರ್ಷದ ಮಾತು. ಆಗ ನನಗೆ ಕಾರವಾರ–ಅಂಕೋಲಾ ರೂಟು. ಸಂಜೆ ಆರೂಕಾಲಕ್ಕೆ ಕಾರವಾರ ಬಿಡುವ ಬಸ್ಸು ನಮ್ಮದು. ನೌಕರಿ ಮುಗಿಸಿದವರು, ಮೀನು ಮಾರಿ ಬರುವ ಹೆಂಗಸರು, ಕೋರ್ಟು ಕಚೇರಿ ತಿರುಗಿ ಸುಸ್ತಾದವರು ಎಲ್ಲರೂ ಅದೇ ಬಸ್ಸಿಗೆ ಹತ್ತುತ್ತಿದ್ದರು. ಹತ್ತಿದವರಲ್ಲಿ ಮುಕ್ಕಾಲು ಪಾಲು ಜನ ಜಲದೀಪದವರು.

ಜಲದೀಪ ಎಂದರೆ ಕಾರವಾರದ ಫುಟ್‌ಬಾಲ್ ತಂಡ. ಗೋವೆ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆಯವರಿಗೆ ಈ ಆಟದ ಹುಚ್ಚು ಸ್ವಲ್ಪ ಹೆಚ್ಚು. ಜಲದೀಪ ಮೂರು ವರ್ಷ ಒಂದೇ ಸಮನೆ ಲೀಗ್ ಗೆದ್ದಿತ್ತು. ಗೆದ್ದು ಗೆದ್ದು ನಮಗೆಲ್ಲ ಎಷ್ಟು ಸೊಕ್ಕು ಬಂದಿತ್ತೆಂದರೆ, ಎದುರಾಳಿ ಗೋಲು ಹೊಡೆದರೆ ನಾವೇ ಚಪ್ಪಾಳೆ ತಟ್ಟುತ್ತಿದ್ದೆವು, ಪಾಪ ಎಂದು. ಆ ತಂಡದ ಗೋಲಿ, ಅಂದರೆ ಗೋಲು ಕಾಯುವವನು, ನಮ್ಮೂರಿನ ದೇವಿದಾಸ. ಎಲ್ಲರಿಗೂ ದೇವು. ಇಪ್ಪತ್ತೆರಡು ವರ್ಷ, ತೆಂಗಿನಮರದ ಹಾಗೆ ಎತ್ತರ, ಬಾತುಕೋಳಿಯಂತೆ ಅಗಲ ಪಾದ. ವಾರವೆಲ್ಲ ಕಾರವಾರದ ಬೈತಖೋಲ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಬೆಳಿಗ್ಗೆ ಅವರ್ಸಾದ ದಂಡೆಯಲ್ಲಿ ರಾಂಪಣಿ ಎಳೆಯುವುದು, ಭಾನುವಾರ ಸಂಜೆ ಮ್ಯಾಚು. ವಾರದ ದಿನ ಸಂಜೆ ನಮ್ಮ ಬಸ್ಸಿಗೆ ಹತ್ತಿದರೆ ನನ್ನ ಪಕ್ಕದ ಸೀಟು ಅವನದೇ. ಮಂಜುಗಡ್ಡೆಯ ತಂಪು ಅವನ ಅಂಗಿಯಲ್ಲಿ ಇನ್ನೂ ಇರುತ್ತಿತ್ತು. ಇಡೀ ಬಸ್ಸಿಗೆ ಕೇಳುವ ಹಾಗೆ ನಗುತ್ತಿದ್ದ.

ರಾಂಪಣಿಯ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಏನೆಂದು ತಿಳಿಯುವುದಿಲ್ಲ. ಅದು ಊರಿಗೆ ಊರೇ ಸೇರಿ ಎಳೆಯುವ ದೊಡ್ಡ ಬಲೆ. ದೋಣಿಯವರು ಬಲೆಯನ್ನು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ, ದಂಡೆಯಲ್ಲಿ ಎರಡು ಸಾಲು ಜನ ಎರಡು ಕಡೆಯ ಹಗ್ಗ ಹಿಡಿದು ಎಳೆಯುತ್ತಾರೆ. ಮೀನುಗಾರರೇ ಆಗಬೇಕೆಂದಿಲ್ಲ, ನಮ್ಮಂಥ ಗದ್ದೆಯವರೂ ಹಗ್ಗಕ್ಕೆ ಕೈ ಹಚ್ಚಿದರೆ ಪಾಲು ಸಿಗುತ್ತದೆ. ಆದರೆ ಬಂಗಡೆಯ ಹಿಂಡು ಎಲ್ಲಿದೆ ಎಂದು ನೋಡುವವನು ಒಬ್ಬನೇ. ಅವನು ದಿಬ್ಬದ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಿರುತ್ತಾನೆ. ಹಿಂಡು ಕಂಡ ಕೂಡಲೇ ಬಟ್ಟೆ ಬೀಸಿ ಸನ್ನೆ ಮಾಡುತ್ತಾನೆ. ಆ ಸನ್ನೆ ಕಂಡರೆ ಊಟದ ಎಲೆಯ ಮುಂದೆ ಕೂತವನೂ ಎದ್ದು ಓಡಬೇಕು.

ನಮ್ಮ ದಂಡೆಯ ಸನ್ನೆಗಾರ ಸುಬ್ರಾಯ, ಈ ದೇವುವಿನ ಅಪ್ಪ. ಅವನ ಸನ್ನೆಯೇ ಬೇರೆ. ತಲೆಯ ಮೇಲೆ ಎರಡು ಸುತ್ತು, ಆಮೇಲೆ ಬಲಕ್ಕೆ ಕೆಳಗೆ ಒಂದು ಜಗ್ಗು. ಬಟ್ಟೆ ಪಟ್ಟೆಂದು ಸದ್ದು ಮಾಡಬೇಕು. ನೌಕರಿ ಸಿಗುವ ಮುಂಚೆ ಎರಡು ವರ್ಷ ನಾನು ಸುಬ್ರಾಯನ ಜೊತೆ ದಿಬ್ಬದ ಮೇಲೆ ನಿಂತು ಅದನ್ನು ಕಲಿತಿದ್ದೆ. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ನಾನು ಕಲಿತದ್ದೂ ಜನರಿಗೆ ಮರೆತುಹೋಗಿತ್ತು, ಕಾಕಿ ಅಂಗಿ ಹಾಕಿ ಅಷ್ಟು ವರ್ಷವಾಗಿತ್ತಲ್ಲ. ಸುಬ್ರಾಯ ಆ ಹೊತ್ತಿಗೆ ಇರಲಿಲ್ಲ. ಆರು ವರ್ಷದ ಹಿಂದೆ ದೋಣಿ ಮಗುಚಿ ಹೋಗಿದ್ದ.

ಆ ವರ್ಷ ಮಳೆ ಬೇಗ ಹಿಂದೆ ಸರಿಯಿತು. ಚೌತಿ ಮುಗಿದು ಕೆಲವೇ ದಿನಕ್ಕೆ ಆಕಾಶ ತೊಳೆದಿಟ್ಟ ಹಾಗಾಯಿತು. ಲೀಗಿನ ಮೊದಲ ಮ್ಯಾಚು ನದಿಯಾಚೆಯ ತಂಡದ ಜೊತೆ. ನನಗೆ ರಜೆ ಇತ್ತು, ಹೋಗಿದ್ದೆ. ಮೈದಾನದ ಪಡುವಣ ಕಡೆ ಒಂದು ಮೋಟುಗೋಡೆ, ಅದರಾಚೆ ರಸ್ತೆ, ರಸ್ತೆಯಾಚೆ ಹೊಯ್ಗೆ, ಸಮುದ್ರ. ನಾನು ಗೋಲಿನ ಹತ್ತಿರ ಆ ಗೋಡೆಯ ತುದಿಯಲ್ಲಿ ಕೂತಿದ್ದೆ. ನಮ್ಮದು ಒಂದು ಗೋಲು, ಅವರದು ಸೊನ್ನೆ. ಇನ್ನು ಐದಾರು ನಿಮಿಷ ಉಳಿದಿತ್ತು. ಎಷ್ಟೇ ಸೊಕ್ಕಿದ್ದರೂ ಆ ಕೊನೆಯ ಐದು ನಿಮಿಷ ನೋಡುವ ಎದೆ ನನಗಿಲ್ಲ. ಗೋಡೆಯ ಮೇಲೆ ಎದ್ದು ನಿಂತು ಸಮುದ್ರದ ಕಡೆ ತಿರುಗಿದೆ.

ತಿರುಗಿದ್ದೇ ತಪ್ಪಾಯಿತು. ದಂಡೆಯಿಂದ ನೂರು ಮಾರು ಆಚೆ ನೀರು ಕಪ್ಪಿಟ್ಟಿತ್ತು, ಮೇಲೆ ಚಿರಿಚಿರಿ ನಡುಗುತ್ತಿತ್ತು. ಹಿಂಡು! ಇಪ್ಪತ್ತೈದು ವರ್ಷ ಹಳೆಯ ಕೈ ನನ್ನನ್ನು ಕೇಳಲಿಲ್ಲ. ಹೆಗಲ ಮೇಲಿನ ಟವೆಲ್ ಕೈಗೆ ಬಂತು. ಎರಡು ಸುತ್ತು, ಕೆಳಗೆ ಒಂದು ಜಗ್ಗು. ಪಟ್!

ಹಿಂದೆ ಮೈದಾನದಲ್ಲಿ ಒಂದು ವಿಚಿತ್ರ ಸದ್ದಾಯಿತು, ಸಾವಿರ ಜನ ಒಟ್ಟಿಗೆ ಉಸಿರು ಎಳೆದುಕೊಂಡ ಹಾಗೆ. ತಿರುಗಿ ನೋಡಿದರೆ ದೇವು ಗೋಲು ಬಿಟ್ಟು ಸಮುದ್ರದ ಕಡೆಗೆ ನಾಲ್ಕು ಹೆಜ್ಜೆ ಓಡಿ ಬಂದಿದ್ದ. ಎರಡೂ ಕೈ ಮುಂದೆ ಚಾಚಿದ್ದ, ಹಗ್ಗ ಹಿಡಿಯುವವನ ಹಾಗೆ. ಅವನ ಬೆನ್ನ ಹಿಂದೆ ಅರ್ಧ ಮೈದಾನದಿಂದ ಯಾರೋ ಸುಮ್ಮನೆ ಒದ್ದ ಚೆಂಡು ಕುಪ್ಪಳಿಸುತ್ತ ಗೋಲಿನೊಳಗೆ ಹೋಗುತ್ತಿತ್ತು. ಆಮೇಲೆ ಗಾಬರಿಯಲ್ಲಿ ಇನ್ನೊಂದು ಗೋಲೂ ಆಯಿತು. ಜಲದೀಪ ಸೋತಿತು.

ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ನನ್ನನ್ನು ಯಾರೂ ನೋಡಿರಲಿಲ್ಲ. ದೇವುವಿಗೆ ಕಂಡಿದ್ದರೂ ಸಂಜೆಯ ಸೂರ್ಯ ನನ್ನ ಆಚೆಗಿದ್ದುದರಿಂದ ಕಂಡದ್ದು ಒಂದು ಕಪ್ಪು ಆಕೃತಿ, ಒಂದು ಬಟ್ಟೆ ಅಷ್ಟೆ. ನಾನು ಟವೆಲ್ಲನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡು ಗೋಡೆಯಿಂದ ಇಳಿದೆ. ಸಮುದ್ರದ ಕಡೆ ಇನ್ನೊಮ್ಮೆ ನೋಡಿದೆ. ಕಪ್ಪು ಸರಿದು ಹೋಗಿತ್ತು. ಮೀನಲ್ಲ, ಮೋಡದ ನೆರಳು.

ಸೋಮವಾರದ ಬಸ್ಸಿನಲ್ಲಿ ಚರ್ಚೆ ಬಿಣಗಾ ಘಟ್ಟಕ್ಕೂ ಮೊದಲೇ ಕಾವೇರಿತು. ಅದರ ಮುಂದಾಳು ಹಿಲ್ಲೂರಿನ ಮಾಸ್ತರು. ಕಾರವಾರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ. ಡ್ರೈವರ್ ಪುರ್ಸು ಹಣಕೋಣದವನು. ಮನೆಯಲ್ಲಿ ಕೊಂಕಣಿ, ಸ್ಟೇರಿಂಗ್ ಹಿಡಿದರೆ ಎಲ್ಲ ಭಾಷೆ.

"ತಪ್ಪು ಕೋಚಿನದು" ಎಂದರು ಮಾಸ್ತರು. "ಮ್ಯಾಚಿನ ದಿನ ಅನ್ನ–ಸಾರು ಬೇಡ, ಬೇಯಿಸಿದ ಮೊಟ್ಟೆ ತಿನ್ನಿ ಅಂದನಂತೆ ಆ ಗೋವೆಯವ. ನಮ್ಮ ಹುಡುಗರ ಹೊಟ್ಟೆಗೆ ಅದು ಹಿಡಿಸ್ತದಾ?"

"ಕೋಚಿಗೆ ಎಂತಕೆ ಬೈತ್ರಿ ಮಾಸ್ತರೆ?" ಹಿಂದಿನ ಸೀಟಿನಿಂದ ಒಬ್ಬ ಕೂಗಿದ. "ಗೋಲಿ ಗಾಳಿ ತಿನ್ಲಿಕ್ಕೆ ಹೋದ್ರೆ ಕೋಚ್ ಎಂತ ಮಾಡ್ತ?"

"ಅರೆ ಬಾಬಾ, ಡ್ರೆಸ್ ಬದಲಿ ಮಾಡಿದ್ದು ಕಾರಣ" ಎಂದು ಪುರ್ಸು ಕನ್ನಡಿಯಲ್ಲಿ ನೋಡುತ್ತ ಹೇಳಿದ. "ಕೆಂಪು ಇತ್ತು, ನೀಲಿ ಮಾಡಿದ್ರು. ಹಿಂದೆ ಸಮುದ್ರ ನೀಲಿ, ಮೇಲೆ ಆಕಾಶ ನೀಲಿ. ಯಾರಿಗೆ ಪಾಸ್ ಕೊಡ್ಬೇಕು? ಸಮುದ್ರಕ್ಕೆ ಕೊಡ್ಬೇಕಾ?"

"ನೀ ರಸ್ತೆ ನೋಡು ಮಾರಾಯಾ, ಈಗ ನಮ್ಮನ್ನ ಸಮುದ್ರಕ್ಕೆ ಪಾಸ್ ಮಾಡ್ತೆ!"

ಬಸ್ಸೆಲ್ಲ ನಕ್ಕಿತು. ನನ್ನ ಪಕ್ಕದಲ್ಲಿ ಕೂತಿದ್ದ ದೇವು ನಗಲಿಲ್ಲ. "ಏನೋ ಕಂಡ ಹಾಗಾಯ್ತು" ಎಂದಷ್ಟೇ ಹೇಳಿದ. "ಸನ್ನೆ ಕಂಡ ಹಾಗಾಯ್ತು."

"ಸನ್ನೆಯಂತೆ! ಯಾವ ಹುಡುಗಿದೋ?" ಎಂದರು ಹಿಂದಿನವರು. ಮತ್ತೆ ನಗು.

ಆಗ ಹೇಳಬಹುದಿತ್ತು. ನಾನು ಟಿಕೆಟ್ ಕೊಡುವ ನೆಪ ಮಾಡಿಕೊಂಡು ಹಿಂದೆ ಹೋದೆ. ಇವತ್ತು ನಗುತ್ತಾರೆ, ನಾಳೆ ಮರೆಯುತ್ತಾರೆ, ಮುಂದಿನ ಮ್ಯಾಚು ಗೆದ್ದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಮ್ಯಾಚು ಗೆಲ್ಲಲಿಲ್ಲ. ದೇವುವನ್ನು ಕೂರಿಸಿ ಎರಡನೇ ಗೋಲಿಯನ್ನು ಇಳಿಸಿದರು, ಸಮ ಆಯಿತು. ಅದರ ಮುಂದಿನದು ಸೋತರು. ಅದರ ಮುಂದಿನದೂ ಸೋತರು. ನಮ್ಮ ಮುಂದಾಟದವರು ಗೋಲುಕಂಬಕ್ಕೆ ಎಷ್ಟು ಸಲ ಹೊಡೆದರೆಂದರೆ, ಕಂಬಕ್ಕೆ ಗುರಿಯಿಟ್ಟು ಹೊಡೆದರೂ ಅಷ್ಟು ಸಲ ತಾಗುತ್ತಿರಲಿಲ್ಲ. ಆದರೆ ಬಸ್ಸಿನ ತೀರ್ಪು ಬದಲಾಗಲಿಲ್ಲ. "ಶುರು ಮಾಡಿದ್ದೇ ಅವ" ಎನ್ನುತ್ತಿದ್ದರು. ಆಡದವನ ಮೇಲೂ ಸೋಲಿನ ಹೊರೆ. ಮಾಸ್ತರು ಬಸ್ಸಿನ ಕಿಟಕಿಯ ಗಾಜಿನ ಮೇಲೆ ಸುಣ್ಣದ ಕಡ್ಡಿಯಿಂದ ಹನ್ನೊಂದು ಚುಕ್ಕೆ ಇಟ್ಟು, ಯಾರು ಎಲ್ಲಿ ನಿಲ್ಲಬೇಕೆಂದು ವಿವರಿಸುವಾಗ ಗೋಲಿಯ ಚುಕ್ಕೆಯನ್ನು ಕಿಟಕಿಯ ಚೌಕಟ್ಟಿನಿಂದ ಹೊರಗೆ ಇಡುತ್ತಿದ್ದರು. ದೇವು ನಮ್ಮ ಬಸ್ಸಿಗೆ ಬರುವುದನ್ನು ಬಿಟ್ಟ. ಆಮೇಲೆ ಮಂಜುಗಡ್ಡೆ ಕಾರ್ಖಾನೆಗೆ ಹೋಗುವುದನ್ನೂ ಬಿಟ್ಟನೆಂದು ಗೊತ್ತಾಯಿತು.

ಅವನ ತಾಯಿ ಶೇವಂತಿ ಮಾತ್ರ ಬರುತ್ತಿದ್ದಳು. ದಿನಾ ಬೆಳಿಗ್ಗೆ ಕಾರವಾರಕ್ಕೆ ಮೀನು ಬುಟ್ಟಿ ಹೊತ್ತು ಹೋಗಿ ಸಂಜೆ ಖಾಲಿ ಬುಟ್ಟಿಯ ಜೊತೆ ಹಿಂದಿನ ಬಾಗಿಲ ಹತ್ತಿರ ಕೂರುತ್ತಿದ್ದಳು. ಮಗನಿಗೆ ಅನ್ನುತ್ತಿದ್ದುದನ್ನೆಲ್ಲ ಕೇಳಿಸಿಕೊಂಡು ಹೊರಗೆ ನೋಡುತ್ತಿದ್ದಳು. ಬಾಯಿ ಇಲ್ಲದವಳಲ್ಲ. ಪೇಟೆಯಲ್ಲಿ ಅವಳ ಜೊತೆ ದರ ಮಾತಾಡಿದವರಿಗೆ ಗೊತ್ತು. ಅಂಥವಳು ಸುಮ್ಮನಿದ್ದಳು.

ಒಂದು ದಿನ ಅವರ್ಸಾದಲ್ಲಿ ಇಳಿಯುವಾಗ ಬಾಳೆಎಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ನನ್ನ ಕೈಯಲ್ಲಿ ಇಟ್ಟಳು. "ನಾಲ್ಕು ಬಂಗಡೆ ಉಳ್ದಿತ್ತು. ಮನೆಗೆ ತಕಂಡು ಹೋಗಿ."

"ಎಂತಕೆ ಶೇವಂತಕ್ಕ?"

"ಇಡೀ ಬಸ್ಸಲ್ಲಿ ನನ್ನ ಮಗಂಗೆ ಒಂದು ಮಾತು ಅನ್ನದವ್ರು ನೀವೊಬ್ಬರೇ" ಎಂದಳು.

ಬೇಡ ಎನ್ನಲಿಲ್ಲ. ಹೆಂಡತಿ ತೆಪ್ಪಳ ಹಾಕಿ ಸಾರು ಮಾಡಿದಳು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನನಗೆ ಮರ್ಯಾದೆ. ಆದರೆ ಸುಳ್ಳು ಬರೆಯುವುದಿಲ್ಲ. ಇಳಿಯಿತು. ಎರಡನೇ ಸಲವೂ ಅನ್ನ ಬಡಿಸಿಕೊಂಡೆ. ಹಾಗೆ ನಾಲ್ಕು ಸಲ.

ದೀಪಾವಳಿ ಹತ್ತಿರ ಬಂತು. ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿತ್ತು, ಸಂಜೆಯ ಗಾಳಿಗೆ ತುಸು ಚಳಿ ಸೇರಿತ್ತು, ಬಿಣಗಾ ಘಟ್ಟದ ತಿರುವಿನಲ್ಲಿ ಕೆಳಗೆ ಸಮುದ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಂಥ ಒಂದು ಸಂಜೆ ಶೇವಂತಿ ಹಿಂದೆ ಕೂರದೆ ಮುಂದೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ದನಿ ತಗ್ಗಿಸಿ ಹೇಳಿದಳು.

"ಬೊಮ್ಮಣ್ಣ, ಬರೋ ಸೋಮವಾರ ದೇವೂನ ಹುಬ್ಬಳ್ಳಿಗೆ ಕಳಸ್ತೇನೆ. ನನ್ನ ತಮ್ಮ ಅಲ್ಲಿ ಗೋದಾಮಲ್ಲಿ ಕೆಲಸ ಮಾಡ್ತ. ಅಲ್ಲಿ ಸಮುದ್ರ ಇಲ್ಲ."

"ಸಮುದ್ರ ಎಂತ ಮಾಡ್ತು?"

ಅವಳು ಸುತ್ತ ನೋಡಿದಳು. "ಯಾರಿಗೂ ಹೇಳ್ಬೇಡಿ. ಆ ದಿನ ಅವಂಗೆ ಕಂಡದ್ದು ಅವನ ಅಪ್ಪನ ಸನ್ನೆ. ಸುಮ್ನೆ ಯಾರದೋ ಬಟ್ಟೆ ಅಲ್ಲ. ಎರಡು ಸುತ್ತು, ಕೆಳಗೆ ಒಂದು ಜಗ್ಗು. ಪಟ್ ಅಂದದ್ದೂ ಕೇಳ್ತಂತೆ. ಇವರನ್ನ ಬಿಟ್ರೆ ಹಾಗೆ ಯಾರು ಬೀಸ್ತ್ರು? ಸಮುದ್ರದ ಕಡೆಯಿಂದ ಮಗನ್ನ ಕರೀತಿದ್ರು. ಮಗ ಓಡಿ ಹೋದ. ನಡುವೆ ಗೋಡೆ ಇತ್ತು, ಬಚಾವಾದ. ಅವತ್ತಿಂದ ಅವನಿಗೆ ನಿದ್ದೆ ಇಲ್ಲ, ನನಗೂ ಇಲ್ಲ. ಬಲೆ ಹತ್ರ ಹೋಗ್ಬೇಡ ಅಂದೆ, ಗೋಲಲ್ಲಿ ನಿಲ್ಬೇಡ ಅಂದೆ. ಇನ್ನು ಘಟ್ಟದ ಮೇಲೆ ಕಳಸೂದೊಂದೇ ಉಳ್ದದ್ದು."

ನಾನು ಅಂದುಕೊಂಡದ್ದು ನಾಲ್ಕು ಜನ ನಗುವ ವಿಷಯ. ಅವಳ ಮನೆಯಲ್ಲಿ ಅದು ಸತ್ತ ಗಂಡ ಬಂದು ಮಗನನ್ನು ಕರೆಯುವ ವಿಷಯವಾಗಿತ್ತು. ಅದೇ ಹೊತ್ತಿಗೆ ಹಿಂದೆ ಚರ್ಚೆ ಜೋರಾಗಿತ್ತು. ಮಾಸ್ತರು ಹೇಳುತ್ತಿದ್ದರು, "ಸನ್ನೆ ಪನ್ನೆ ಎಲ್ಲ ಸುಳ್ಳು. ಗೋಲು ಬಿಟ್ಟವರು ಏನಾದರೊಂದು ನೆಪ ಹೇಳ್ಬೇಕಲ್ಲ."

ನಾನು ಎದ್ದು ಬೆಲ್ಲಿನ ಹಗ್ಗ ಜಗ್ಗಿದೆ. ಪುರ್ಸು ಘಟ್ಟದ ನಡುವೆ ಬಸ್ಸು ನಿಲ್ಲಿಸಿದ.

"ಕಾಯ್ ಝಾಲೆ ರೇ? ಎಂತ ಆಯ್ತು, ಪಂಕ್ಚರಾ?"

"ಸುಳ್ಳಲ್ಲ ಮಾಸ್ತರೆ" ಎಂದೆ. "ಸನ್ನೆ ಇತ್ತು. ಬೀಸಿದವ ನಾನು."

ಯಾರಿಗೂ ಅರ್ಥವಾಗಲಿಲ್ಲ. ಸೀಟುಗಳ ನಡುವಿನ ಓಣಿಯಲ್ಲಿ ನಿಂತು ಹೆಗಲ ಟವೆಲ್ ತೆಗೆದೆ. ಬಸ್ಸಿನ ಮಾಡು ತಗ್ಗು, ತಲೆಯ ಮೇಲೆ ಸುತ್ತಲು ಜಾಗವಿಲ್ಲ, ಮೊಣಕಾಲು ಬಗ್ಗಿಸಿ ನಿಂತೆ. ಎರಡು ಸುತ್ತು. ಬಲಕ್ಕೆ ಕೆಳಗೆ ಒಂದು ಜಗ್ಗು. ಪಟ್ ಎಂದಿತು. ಮಾಸ್ತರ ಕನ್ನಡಕ ಹಾರಿ ಹೋಯಿತು.

ಶೇವಂತಿ ಎದ್ದು ನಿಂತಿದ್ದಳು. ಅವಳ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ, ಆದರೂ ನೋಡಿದೆ.

"ಇನ್ನೊಂದ್ಸಲ ಬೀಸಿ" ಎಂದಳು.

ಬೀಸಿದೆ.

"ಯಾರು ಕಲ್ಸಿದ್ದು?"

"ಸುಬ್ರಾಯ. ನೌಕರಿಗೆ ಸೇರೂಕೆ ಮುಂಚೆ, ದಿಬ್ಬದ ಮೇಲೆ. ನೀವು ಮದ್ವೆ ಆಗಿ ಬರೂಕೂ ಮುಂಚೆ."

ಅವಳು ಸೀಟಿನ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ಸೆರಗು ಸರಿದಾಗ ನೋಡಿದರೆ ನಗುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಅಯ್ಯೋ ದೇವ್ರೆ, ಒಂದೂವರೆ ತಿಂಗಳು ನಾನು ಸತ್ತ ಗಂಡನ ಜೊತೆ ಜಗಳ ಆಡ್ತಿದ್ನಲ್ಲ! ದಿನಾ ದೀಪ ಹಚ್ಚಿ ಬೈತಿದ್ನಲ್ಲ, ನಿಮಗೆ ಮಗ ಬೇಕಾ, ನನ್ನ ಗತಿ ಎಂತ ಅಂತ! ಅದು ಈ ಕಂಡಕ್ಟ್ರ ಟವೆಲ್ಲಾ?"

ಆಮೇಲೆ ನಗು ನಿಂತಿತು. ಖಾಲಿ ಬುಟ್ಟಿ ಎತ್ತಿ ನನ್ನ ಬೆನ್ನಿಗೆ ಒಂದು ಕೊಟ್ಟಳು. "ಮೂರು ಸಲ ನನ್ನ ಮೀನು ತಿಂದ್ರಲ್ಲ! ಬಾಯಿ ಎಲ್ಲಿ ಇಟ್ಟಿದ್ರಿ?"

"ನಾಲ್ಕು ಸಲ" ಎಂದೆ.

ಪುರ್ಸು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. ಹಿಂದಿನ ಸೀಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ದಿನ ಆಡಿದ ಮಾತೆಲ್ಲ ಅವರ ಬಾಯಿಗೇ ತಿರುಗಿ ಬಂದಿತ್ತು. ಮಾಸ್ತರು ಕನ್ನಡಕ ಹುಡುಕಿ ಹಾಕಿಕೊಂಡು, ಮಕ್ಕಳ ಮುಂದೆ ತಪ್ಪು ಲೆಕ್ಕ ಬಿಡಿಸಿದವರ ಹಾಗೆ ಗಂಟಲು ಸರಿಪಡಿಸಿಕೊಂಡರು. "ಶೇವಂತಮ್ಮ, ನನ್ನದೂ ತಪ್ಪಾಯ್ತು" ಎಂದರು.

ಅವರ್ಸಾದಲ್ಲಿ ಪುರ್ಸು ಬಸ್ಸನ್ನು ರಸ್ತೆ ಬದಿಗೆ ಹಾಕಿದ. "ಹತ್ತು ನಿಮಿಷ. ಯಾರಾದ್ರೂ ಕೇಳಿದ್ರೆ ರೇಡಿಯೇಟರಿಗೆ ನೀರು" ಎಂದ. ಶೇವಂತಿ ಮುಂದೆ, ನಾನು ಹಿಂದೆ, ನನ್ನ ಹಿಂದೆ ಅರ್ಧ ಬಸ್ಸು. ದೇವು ಮನೆಯ ಮುಂದಿನ ಜಗಲಿಯ ಚಿಟ್ಟೆಯ ಮೇಲೆ ಕೂತು ಹುಬ್ಬಳ್ಳಿಗೆ ಒಯ್ಯುವ ಟ್ರಂಕಿನ ಚಿಲಕ ಸರಿಮಾಡುತ್ತಿದ್ದ. ಇಷ್ಟು ಜನ ಬರುವುದನ್ನು ನೋಡಿ ಎದ್ದು ನಿಂತ. ನಾನು ಎಲ್ಲವನ್ನೂ ಹೇಳಿದೆ. ಗೋಡೆ, ಟವೆಲ್, ಸುಮ್ಮನಿದ್ದದ್ದು, ಬಂಗಡೆ.

ಅವನು ನನ್ನೆದುರು ಬಂದು ನಿಂತ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ಬೀಸಿ ತೋರ್ಸಿ" ಎಂದ.

ಆ ಸಂಜೆ ಮೂರನೇ ಸಲ ಬೀಸಿದೆ. ಅವನ ಕೈ ತಾನಾಗಿಯೇ ಮುಂದೆ ಚಾಚಿತು. ಅದನ್ನು ನೋಡಿ ಅವನೇ ಕೈ ಹಿಂದೆ ಎಳೆದುಕೊಂಡ.

"ಸುತ್ತು ಗನಾಗದೆ, ಅಪ್ಪನ ಹಾಗೇ" ಎಂದ. "ಜಗ್ಗೂದು ಮಾತ್ರ ತಡ. ಅಪ್ಪ ಇಷ್ಟು ತಡ ಮಾಡ್ತಿರ್ಲಿಲ್ಲ." ಆಮೇಲೆ ಕೇಳಿದ, "ಮೀನಾದ್ರೂ ಇತ್ತೋ?"

"ಇಲ್ಲ" ಎಂದೆ. "ಮೋಡದ ನೆರಳು."

"ಮೋಡ!" ಎಂದು ಅವನು ಟ್ರಂಕಿನ ಮೇಲೆ ಕೂತ. "ಮೋಡಕ್ಕೆ ಗೋಲು ಬಿಟ್ಟೆನಾ ನಾನು? ಅಬ್ಬೆ, ಕೇಳ್ದ್ಯಾ? ನಿನ್ನ ಬಂಗಡೆ ತಿಂದವ್ರಿಗೆ ಬಂಗಡೆಯ ಗುರ್ತೇ ಇಲ್ಲ!" ಎಷ್ಟು ವಾರದಿಂದ ಎಲ್ಲಿ ಕೂತಿತ್ತೋ ಆ ನಗು, ಟ್ರಂಕಿನ ಚಿಲಕ ಗಿಲಗಿಲ ಅಂದಿತು.

ಆದರೆ ಶಿಕ್ಷೆ ತಪ್ಪಲಿಲ್ಲ. ನಮ್ಮ ದಂಡೆಯಲ್ಲಿ ಸುಳ್ಳು ಸನ್ನೆ ಕೊಟ್ಟವನಿಗೆ ಒಂದು ಕಟ್ಟಳೆ ಇತ್ತು. ಅವನು ದಿಬ್ಬ ಹತ್ತುವ ಹಾಗಿಲ್ಲ, ಹಗ್ಗ ಎಳೆಯುವ ಹಾಗೂ ಇಲ್ಲ. ಎಲ್ಲರ ಹಿಂದೆ ಕೂತು, ಎಳೆದ ಒದ್ದೆ ಹಗ್ಗವನ್ನು ಸುರುಳಿ ಸುತ್ತಬೇಕು. ಪಾಲು ಇಲ್ಲ. ದೇವು ಅದನ್ನೇ ವಿಧಿಸಿದ. "ಈ ಹಂಗಾಮು ಮುಗಿಯೂವರೆಗೆ, ಎಲ್ಲಾ ಭಾನುವಾರ. ನಂಗೂ ರಜೆ, ನಿಮಗೂ ರಜೆ."

ಆ ಭಾನುವಾರಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಸೂರ್ಯ ಹಿಂದಿನ ಗುಡ್ಡವನ್ನು ಹತ್ತುವ ಮೊದಲೇ ದಂಡೆಯಲ್ಲಿರಬೇಕು. ಹೊಯ್ಗೆ ತಣ್ಣಗೆ. ಮುಂದೆ ಎರಡು ಸಾಲು ಬೆನ್ನು, ಒಂದೇ ತಾಳಕ್ಕೆ ಹಿಂದಕ್ಕೆ ಬಾಗುವುದು, ನಡುವೆ ಯಾರೋ ಹಾಕುವ ಕೂಗು, ಅದಕ್ಕೆ ಎಲ್ಲರ ಮರುಕೂಗು. ಹಗ್ಗ ನನ್ನ ಕೈಗೆ ಬರುವಾಗ ಉಪ್ಪು, ಪಾಚಿ, ಜನರ ಬೆವರು ಎಲ್ಲ ಅಂಟಿಕೊಂಡಿರುತ್ತಿತ್ತು. ಮೊದಲ ವಾರ ಅಂಗೈ ಒಡೆದು, ಸೋಮವಾರ ಟಿಕೆಟ್ ಹರಿಯಲು ಬಾರದೆ ಜನರಿಂದ ಬೈಸಿಕೊಂಡೆ. ಹಗ್ಗದ ಸಾಲಿನಿಂದ ದೇವು ಹಿಂತಿರುಗಿ "ಸುರುಳಿ ಸಡ್ಲ ಆಯ್ತು ಬೊಮ್ಮಣ್ಣ, ಮತ್ತೆ ಬಿಚ್ಚಿ ಸುತ್ತಿ!" ಎಂದು ಕೂಗುತ್ತಿದ್ದ. ಬಿಚ್ಚಿ ಸುತ್ತುತ್ತಿದ್ದೆ. ಬಲೆ ದಂಡೆಗೆ ಬಂದು ಸಾವಿರಾರು ಬಂಗಡೆ ಒಮ್ಮೆಲೇ ಬೆಳ್ಳಗೆ ಹಾರಿದಾಗ, ಪಾಲಿಲ್ಲದ ನಾನೂ ಎಲ್ಲರ ಜೊತೆ ಕುಣಿಯುತ್ತಿದ್ದೆ. ಐವತ್ತು ದಾಟಿದ ಮನುಷ್ಯ. ಯಾರಿಗೂ ಏನನ್ನೂ ಮುಚ್ಚಿಡದೆ ಕೂತು ಹಗ್ಗ ಸುತ್ತುವುದು ಎಷ್ಟು ಸುಖ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಜಲದೀಪದ ಕಮಿಟಿಗೆ ಮಾಸ್ತರು ಚಂದದ ಅಕ್ಷರದಲ್ಲಿ ಪತ್ರ ಬರೆದರು, ನಾನು ಸಹಿ ಹಾಕಿದೆ. ದೇವು ಹುಬ್ಬಳ್ಳಿಗೆ ಹೋಗಲಿಲ್ಲ. ಕೊನೆಯ ಮ್ಯಾಚಿಗೆ ಅವನನ್ನೇ ಗೋಲಿನಲ್ಲಿ ನಿಲ್ಲಿಸಿದರು. ಆ ಮ್ಯಾಚು ಸೋತರೆ ಜಲದೀಪ ಮುಂದಿನ ವರ್ಷ ಕೆಳಗಿನ ಗುಂಪಿನಲ್ಲಿ ಆಡಬೇಕಿತ್ತು. ಆ ಭಾನುವಾರ ನನಗೂ ಪುರ್ಸುವಿಗೂ ಡ್ಯೂಟಿ ಬಿದ್ದಿತ್ತು, ಆದರೆ ನಮ್ಮ ಬಸ್ಸು ಹೊರಡುವುದು ಆರೂಕಾಲಕ್ಕೆ. ಇಬ್ಬರೂ ಕಾಕಿಯಲ್ಲೇ ಮೈದಾನಕ್ಕೆ ಹೋದೆವು. ಶೇವಂತಿ ಜೀವಮಾನದಲ್ಲಿ ಮೊದಲ ಸಲ ಮ್ಯಾಚು ನೋಡಲು ಬಂದಿದ್ದಳು. ನನ್ನ ಪಕ್ಕದಲ್ಲೇ ನಿಂತಳು. ಆಟ ಶುರುವಾಗುವ ಮುಂಚೆ ನನ್ನ ಟವೆಲ್ ಕಿತ್ತುಕೊಂಡು ಸೊಂಟ ಸುತ್ತಿ ಕಟ್ಟಿಕೊಂಡಳು.

ಗೆದ್ದೆವು ಎಂದು ಬರೆಯುವ ಆಸೆ. ಗೆಲ್ಲಲಿಲ್ಲ. ನಮ್ಮ ಇಬ್ಬರು ಹಿಂದಾಟದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದಾಗ ಒಂದು ಗೋಲು ಹೋಯಿತು. ಆಮೇಲೆ ನಮ್ಮವರದೂ ಒಂದು ಆಯಿತು, ಹೇಗೆ ಆಯಿತೆಂದು ಹೊಡೆದವನಿಗೂ ಗೊತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಚೆಂಡು ದೇವುವಿನ ಕಡೆಗೇ. ಮೇಲೆ ಬಂದದ್ದನ್ನು ಹಾರಿ ಹಿಡಿದ, ಕೆಳಗೆ ಬಂದದ್ದರ ಮೇಲೆ ಬಿದ್ದ, ಒಂದನ್ನು ಮುಖದಿಂದ ತಡೆದ. ಪ್ರತಿಸಲವೂ ಶೇವಂತಿ "ಅದೇ ಮತ್ತೆ!" ಎಂದು ನನ್ನ ತೋಳು ಹಿಂಡುತ್ತಿದ್ದಳು. ಒಂದಕ್ಕೆ ಒಂದು, ಸಮ. ಜಲದೀಪ ಉಳಿಯಿತು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಡುವ ಮೊದಲೇ ಚರ್ಚೆ ಶುರು.

"ತಪ್ಪು ಎಲ್ಲಿ ಆಯ್ತು ಅಂದ್ರೆ..." ಎಂದು ಮಾಸ್ತರು ಸುಣ್ಣದ ಕಡ್ಡಿ ತೆಗೆದರು.

"ಎಂತ ತಪ್ಪು ಮಾಸ್ತರೆ?" ದೇವು ಸೀಟಿನ ಮೇಲೆ ಹತ್ತಿ ನಿಂತಿದ್ದ, ತುಟಿ ಊದಿತ್ತು. "ಇಡೀ ವರ್ಷ ಗೋಲಿ, ಗೋಲಿ ಅಂದ್ರಿ. ಇವತ್ತು ನೋಡ್ದ್ರಾ? ನಮ್ಮ ಮುಂದಿನವ್ರು ಗೋಲೊಳಗೆ ಹೊಡೀತಾರೋ ಗೂಡಂಗಡಿಗೆ ಹೊಡೀತಾರೋ?"

"ಡ್ರೆಸ್ಸು ನೀಲಿ ಬಾಬಾ, ಡ್ರೆಸ್ಸು!" ಪುರ್ಸು ಮುಂದಿನಿಂದ ಕೂಗಿದ.

"ನೀಲಿ ಆದ್ರೆ ನಂಗೂ ನೀಲಿ ಅಲ್ದಾ? ನಾ ಹಿಡೀಲಿಲ್ವಾ?"

"ನೀ ಬಾತುಕೋಳಿ, ನಿಂಗೆ ನೀರಲ್ಲೂ ಕಾಣ್ತದೆ!"

ನಾನೂ ಸುಮ್ಮನಿರಲಿಲ್ಲ. ಆ ಹಂಗಾಮಿನಲ್ಲಿ ಮೊದಲ ಸಲ ಆಟದ ಚರ್ಚೆಗೆ ಬಾಯಿಬಿಟ್ಟು, ಕೋಚಿನ ಬೇಯಿಸಿದ ಮೊಟ್ಟೆಯ ವಿರುದ್ಧ ಮಾತಾಡಿದೆ. ನನಗೆ ವಿರುದ್ಧವಾಗಿ ಆರು ಜನ ಎದ್ದರು. ಬಿಣಗಾ ದಾಟಿತು, ಅಮದಳ್ಳಿ ದಾಟಿತು, ಹಾರವಾಡ ದಾಟಿತು. ನನಗೆ ಬೆಲ್ಲಿನ ನೆನಪಿಲ್ಲ, ಪುರ್ಸುವಿಗೆ ಬ್ರೇಕಿನ ನೆನಪಿಲ್ಲ, ಇಳಿಯುವವರಿಗೆ ಇಳಿಯುವ ನೆನಪಿಲ್ಲ. ಶೇವಂತಿಯೇ ಕಿಟಕಿಯ ಹೊರಗೆ ನೋಡಿ ಕೂಗಿದಳು.

"ಅರೆ, ಇದು ಹಟ್ಟಿಕೇರಿ ಸೇತುವೆ ಅಲ್ದಾ?"

ಬಸ್ಸು ನಿಂತಿತು. ಅವರ್ಸಾ ಹಿಂದೆ ಎಲ್ಲೋ ಉಳಿದಿತ್ತು. ಇಳಿಯಬೇಕಾದವರು ಇಪ್ಪತ್ತು ಜನ, ಇಳಿಸಬೇಕಾದ ನಾನೂ ಅವರೂರಿನವನೇ.

"ತಿರಗಿಸ್ತೇನೆ, ಯಾರೂ ಇಳೀಬೇಡಿ" ಎಂದ ಪುರ್ಸು.

"ಬ್ಯಾಡ" ಎಂದಳು ಶೇವಂತಿ, ಬುಟ್ಟಿ ತಲೆಗಿಟ್ಟುಕೊಳ್ಳುತ್ತ. "ನಡ್ದೇ ಹೋತ್ರು. ಇವರ ಮಾತು ಮುಗೀಲಿಕ್ಕೆ ಅಷ್ಟು ದಾರಿ ಬೇಕೇ ಬೇಕು."

ಅವರ್ಸಾದವರೆಲ್ಲ ಇಳಿದರು. ಹೊರಗೆ ಬೆಳದಿಂಗಳು ಇತ್ತು. ನಾನು ಫುಟ್‌ಬೋರ್ಡಿನ ಮೇಲೆ ನಿಂತು ನೋಡಿದೆ. ರಸ್ತೆಯ ಒಂದು ಬದಿಯಲ್ಲಿ ಗುಂಪು ಕೈ ಆಡಿಸುತ್ತ, ನಿಲ್ಲುತ್ತ, ಮತ್ತೆ ನಡೆಯುತ್ತ ಹೋಗುತ್ತಿತ್ತು. ಅಂಕೋಲೆಗೆ ಹೋಗಬೇಕಾದ ಮಾಸ್ತರೂ ವಾದ ಬಿಡಲಾರದೆ ಅವರ ಜೊತೆ ಇಳಿದು ಹಿಂದಕ್ಕೆ ನಡೆಯುತ್ತಿದ್ದರು. ಪುರ್ಸು ಹಾರ್ನ್ ಹೊಡೆದು ಕರೆದ. ಅವರಿಗೆ ಕೇಳಿಸಲಿಲ್ಲ. ಹೇಗೆ ಕೇಳಿಸಬೇಕು, ಆ ಗದ್ದಲದಲ್ಲಿ ದೇವುವಿನ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.